ಗೋಡೆ ಒಣಗಿಸಲು ಹೊರಟವಳು

ಆ ಬೀದಿಯಲ್ಲಿ ಅವಳು ಎಲ್ಲರಿಗೂ ಲಾಂಡ್ರಿ ಅಕ್ಕ. ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು; ಕೊಳೆಬಟ್ಟೆಯ ಗಂಟನ್ನು ಒಪ್ಪಿಸಿದ ಮೇಲೆ ವಯಸ್ಸಿನ ಮಾತು ಯಾರಿಗೆ ಬೇಕು? ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಒಂದು ಬಾಡಿಗೆ ಮಳಿಗೆ ಹಿಡಿದು ಒಗೆಯಲು ಕೂತವಳು ಕೂದಲು ನರೆಯುವ ತನಕ ಅಲ್ಲಿಂದ ಎದ್ದಿರಲಿಲ್ಲ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ. ಹೋಟೆಲಿನ ಹಾಸುಬಟ್ಟೆ, ಆಸ್ಪತ್ರೆಯ ಪರದೆ, ಗುಮಾಸ್ತರ ಅಂಗಿ, ಎಲ್ಲವೂ ಅಲ್ಲಿಗೇ. ಸೈಕಲ್ಲಿನಲ್ಲಿ ಗಂಟು ತರುವುದು, ಮಡಿಸಿದ್ದನ್ನು ಮುಟ್ಟಿಸುವುದು ಗಂಡನ ಪಾಲು. ಒಗೆತ, ಇಸ್ತ್ರಿ ಅವಳದು.

ಮಳೆಗಾಲ ಬಂತೆಂದರೆ ಹೊರಗೆ ಒಣಹಾಕುವ ಹಾಗಿಲ್ಲ. ಹಾಸುಬಟ್ಟೆಗಳೆಲ್ಲ ಮಲಗುವ ಮಂಚದ ಮೇಲೇ ಸಾಲಾಗಿ ತೂಗುತ್ತಿದ್ದವು. ಊಟಕ್ಕೆ ಕೂತರೆ ತಟ್ಟೆಗೆ ತೊಟಕ್ಕೆಂದು ಹನಿ ಬೀಳುತ್ತಿತ್ತು. "ನಾವು ಮನೇಲಿಲ್ಲ ಕಣೇ, ಮೋಡದೊಳಗಿದ್ದೀವಿ," ಎನ್ನುತ್ತಿದ್ದಳು ಅತ್ತೆ. ಅತ್ತೆಗೆ ಕಣ್ಣು ಮಂಜಾಗಿದ್ದರೂ ನಾಲಗೆಗೆ ಸಾಣೆ ಹಿಡಿದ ಹಾಗಿತ್ತು.

ಹೀಗೆ ಬದುಕೆಲ್ಲ ತೇವದಲ್ಲೇ ಕಳೆದವಳಿಗೆ ಒಂದೇ ಒಂದು ಆಸೆ: ಒಣಗಿದ ಮನೆ. ದೊಡ್ಡದು ಬೇಡ, ಚೆಂದವೂ ಬೇಡ. ಹಿಂದೆ ಬಿಸಿಲು ಬೀಳುವ ಹಿತ್ತಲಿರಬೇಕು, ಒಳಗೆ ಬೆಚ್ಚಗಿರಬೇಕು, ಅಷ್ಟೇ.

ಹಿಂದಿನ ಬೀದಿಯಲ್ಲಿ ನಾಲ್ಕು ಹಳೆಯ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಅದರಲ್ಲಿ ಎತ್ತರದ ಕಡೆಯ ಮೊದಲ ಮನೆ ಗಡಿಯಾರ ರಿಪೇರಿ ಮಾಡುವ ಮುದುಕನದು. ಮಗಳ ಮನೆಗೆ ಹೋಗಿ ಇರಲು ತೀರ್ಮಾನಿಸಿ ಮಾರಲು ಇಟ್ಟಿದ್ದ. ಲಾಂಡ್ರಿ ಅಕ್ಕ ಗಂಡನನ್ನು ಕರೆದುಕೊಂಡು ನೋಡಲು ಹೋದಳು. ದಪ್ಪ ಗೋಡೆ, ಎತ್ತರದ ಕಿಟಕಿ, ಹಿತ್ತಲಿನ ತುಂಬ ಬಿಸಿಲು. ನೋಡಿದ ಗಳಿಗೆಯಲ್ಲೇ ಅವಳ ಮನಸ್ಸು ಆ ಬಿಸಿಲಿನಲ್ಲಿ ಹಗ್ಗ ಕಟ್ಟಿ ಬಟ್ಟೆ ಹರವಿ ಆಗಿತ್ತು.

ಆದರೆ ಹಿಂದಿನ ಕೋಣೆಗೆ ಕಾಲಿಟ್ಟದ್ದೇ ಮೂಗು ಎಚ್ಚರಗೊಂಡಿತು. ಗೋಡೆಗೆ ಹೊಸ ಬಣ್ಣ ಬಳಿದಿತ್ತು. ಬಣ್ಣದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ಗಂಟಿನಲ್ಲೇ ಮರೆತುಹೋದ ಒದ್ದೆ ಬಟ್ಟೆಯದು. ಬೀರುವೊಂದು ಗೋಡೆಗೆ ಒತ್ತಿ ನಿಂತಿತ್ತು. ಅವಳು ಅದರ ಹಿಂದಿನ ಸಂದಿಗೆ ಕೈ ತೂರಿಸಿದಳು. ತಣ್ಣಗೆ, ಜಿಡ್ಡುಜಿಡ್ಡಾಗಿ, ಹಸುವಿನ ಮೂಗು ಮುಟ್ಟಿದ ಹಾಗೆ. ಕೈ ಹೊರಗೆ ತೆಗೆದರೆ ಬೆರಳಿಗೆ ಬಣ್ಣದ ಸಿಪ್ಪೆ ಅಂಟಿ ಬಂತು.

ಗಡಿಯಾರದ ಮುದುಕ ತಲೆ ತಗ್ಗಿಸಿದ. "ಮುಚ್ಚಿಡೋಕೆ ನೋಡಿದೆ, ತಪ್ಪು ತಿಳ್ಕೋಬೇಡಮ್ಮ. ಹಿಂದಿನ ಗೋಡೆ ಪೂರ್ತಿ ಹಾಗೇನೆ. ಹಿತ್ತಲಿಗೆ ಮಣ್ಣು ತುಂಬಿಸಿ ಎತ್ತರ ಮಾಡಿದೆ, ಮೇಲೆ ಗಾರೆ ಹಾಕ್ಸಿದೆ, ವರ್ಷ ವರ್ಷ ಬಣ್ಣ ಬಳಿಸಿದೆ. ಅದು ಕೇಳಲಿಲ್ಲ. ನಿಂತ ಗಡಿಯಾರ ಎಷ್ಟೋ ಓಡಿಸಿದ್ದೀನಿ. ಈ ನೀರನ್ನ ನಿಲ್ಲಿಸೋಕೆ ನನ್ನ ಕೈಲಾಗಲಿಲ್ಲ."

ಗಂಡ ಅವಳ ಮೊಣಕೈ ತಿವಿದ, ಹೊರಡೋಣ ಎಂಬಂತೆ. ಅವಳು ಕದಲಲಿಲ್ಲ. ಹಿತ್ತಲಿನ ಬಿಸಿಲು ಒಮ್ಮೆ ನೋಡಿದಳು, ಗೋಡೆ ಒಮ್ಮೆ ನೋಡಿದಳು.

"ರೀ, ದಿನಾ ರಾಶಿ ರಾಶಿ ಒಣಗಿಸೋಳು ನಾನು. ಇದೊಂದು ಗೋಡೆ ಒಣಗಿಸಲಾರೆನಾ?"

"ಗೋಡೇನ ಹಿಂಡೋಕಾಗುತ್ತೇನೇ?" ಎಂದ ಗಂಡ.

ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮನೆ ಕೊಂಡಾಯಿತು.

ಮೊದಲ ಬೇಸಿಗೆ ಅವಳು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಗೋಡೆಯ ಮೇಲೆ ಪ್ರಯೋಗಿಸಿದಳು. ಬೀರುವನ್ನು ನಡುಮನೆಗೆ ಎಳೆಸಿದಳು. ಕಿಟಕಿ ತೆರೆದಿಟ್ಟಳು. ಫ್ಯಾನನ್ನು ಗೋಡೆಯ ಮುಖಕ್ಕೆ ತಿರುಗಿಸಿ ಹಗಲೆಲ್ಲ ಓಡಿಸಿದಳು. ಒಂದು ದಿನವಂತೂ ಹಳೆ ಹಾಸುಬಟ್ಟೆಯನ್ನು ಗೋಡೆಗೆ ಒತ್ತಿ ಹಿಡಿದು ಕಾದ ಇಸ್ತ್ರಿಪೆಟ್ಟಿಗೆಯನ್ನೇ ಎಳೆದುಬಿಟ್ಟಳು. ಚುರ್ರೆಂದು ಹಬೆ ಎದ್ದಿತು. ಅತ್ತೆ ಮಂಚದ ಮೇಲಿಂದ ಕೂಗಿದಳು: "ಗೋಡೆಗೆ ಮಡಿಕೆ ಸರಿಯಾಗಿ ಹಾಕು, ಗಿರಾಕಿ ಬೈದಾನು!"

ಸಂಜೆಗೆ ಗೋಡೆ ಬಿಳಿಚಿಕೊಂಡು ಒಣಗಿದ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಅದೇ ಕಪ್ಪು. ಬಟ್ಟೆಯಾದರೆ ಒಳಗಿದ್ದ ನೀರು ಹೋಯಿತೆಂದರೆ ಮುಗಿಯಿತು. ಈ ಗೋಡೆಗೆ ನೀರು ಎಲ್ಲಿಂದಲೋ ಬರುತ್ತಲೇ ಇತ್ತು. ಅದೂ ಮೇಲಿನಿಂದಲ್ಲ. ಸೂರು ಸೋರುತ್ತಿರಲಿಲ್ಲ, ಗೋಡೆಯ ಮೇಲರ್ಧ ಗರಿಗರಿಯಾಗಿತ್ತು. ತೇವ ಇದ್ದದ್ದು ಬುಡದಿಂದ ಮೊಣಕಾಲಿನವರೆಗೆ. ನೀರೆಂದರೆ ಕೆಳಕ್ಕೆ ಇಳಿಯುವುದನ್ನಷ್ಟೇ ಕಂಡವಳಿಗೆ, ಅದು ಯಾರ ಅಪ್ಪಣೆಯೂ ಇಲ್ಲದೆ ಇಟ್ಟಿಗೆಯಿಂದ ಇಟ್ಟಿಗೆಗೆ ಹತ್ತಿ ಬರುತ್ತಿರುವುದು ನೋಡಿ ಮೊದಲ ಸಲ ಮೈ ಜುಮ್ಮೆಂದಿತು. ಹೆದರಿಕೆಯೋ ಬೆರಗೋ, ಅವಳಿಗೇ ತಿಳಿಯಲಿಲ್ಲ.

ಆಮೇಲೆ ಬಂದವನು ಗಾರೆ ಮೇಸ್ತ್ರಿ. ಏನು ಕೇಳಿದರೂ "ನೋಡಣ" ಎನ್ನುವ ಮನುಷ್ಯ. ನಾಳೆ ಬರ್ತೀಯಾ ಎಂದರೂ ನೋಡಣ, ಕಾಫಿ ಕುಡೀತೀಯಾ ಎಂದರೂ ನೋಡಣ. ಬೀದಿಗೆಲ್ಲ ಅವನು ನೋಡಣ ಮೇಸ್ತ್ರಿ. ಅವನು ಗೋಡೆಯ ಬುಡಕ್ಕೆ ದಪ್ಪಗೆ ಸಿಮೆಂಟು ಮೆತ್ತಿ, ಮೇಲೆ ನೀರು ಹಿಡಿಯದ ಬಣ್ಣ ಬಳಿದು ಹೋದ. ಗೋಡೆ ಕನ್ನಡಿಯಂತೆ ಹೊಳೆಯಿತು. ಅಕ್ಕನ ಮುಖವೂ ಹೊಳೆಯಿತು.

ಆ ಹೊಳಪು ಒಂದು ಮಳೆಗಾಲ ಬಾಳಿತು. ಸಿಮೆಂಟು ಎಲ್ಲಿಗೆ ಮುಗಿದಿತ್ತೋ ಅಲ್ಲಿಂದ ಮೇಲೆ, ಸೊಂಟದ ಎತ್ತರದಲ್ಲಿ, ಹೊಸದೊಂದು ಕಪ್ಪು ಗೆರೆ ಮೂಡಿತು. ಬಣ್ಣ ಸುಟ್ಟಗಾಯದ ಹಾಗೆ ಬೊಬ್ಬೆಯೆದ್ದಿತು. ನೀರು ಸೋತಿರಲಿಲ್ಲ, ಹೊರಬರಲು ದಾರಿ ಸಿಗದೆ ಇನ್ನಷ್ಟು ಮೇಲೆ ಹತ್ತಿತ್ತು.

ಅವಳು ಮೇಸ್ತ್ರಿಯನ್ನು ಕರೆಸಿ ಗೋಡೆಯ ಮುಂದೆ ನಿಲ್ಲಿಸಿದಳು. ಬೈಯಲಿಲ್ಲ. "ನೋಡು" ಎಂದಳು ಅಷ್ಟೇ.

ಮೇಸ್ತ್ರಿ ಬಹಳ ಹೊತ್ತು ನೋಡಿದ. ತಲೆ ಕೆರೆದುಕೊಂಡ. "ಅಕ್ಕ, ನಾನು ಇದರ ಬಾಯಿ ಮುಚ್ಚಿಬಿಟ್ಟೆ ಅನ್ಸುತ್ತೆ. ಉಸಿರು ಕಟ್ಟಿ ಮೇಲೆ ಬಂದಿದೆ. ನಾನು ಹಾಕಿದ್ದನ್ನ ನಾನೇ ಕಿತ್ತು ಹಾಕ್ತೀನಿ. ಕೂಲಿ ಬೇಡ."

"ಕಿತ್ತರೆ ಸರಿ ಹೋಗುತ್ತಾ?"

ಅವನು ನೋಡಣ ಎನ್ನಲು ಬಾಯಿ ತೆರೆದವನು, ಅವಳ ಮುಖ ಕಂಡು, "ಗೊತ್ತಿಲ್ಲ" ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ಅವಳಿಗೆ ಯಾಕೋ ಧೈರ್ಯ ಬಂತು.

ಸಿಮೆಂಟು ಹಲಗೆಹಲಗೆಯಾಗಿ ಕಿತ್ತು ಬಂತು. ಅದರ ಬೆನ್ನಿಗೆ ನೀರು ಬೆವರಿನಂತೆ ಹನಿಗಟ್ಟಿತ್ತು. ಒಳಗೆ ಹಳೆಯ ಸುಣ್ಣದ ಗಾರೆ, ಅದರೊಳಗೆ ಕೆಂಪು ಇಟ್ಟಿಗೆ. ಬೆತ್ತಲಾದ ಗೋಡೆಯನ್ನು ಹಾಗೇ ಬಿಟ್ಟರು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಅಕ್ಕ ಕೈಯಲ್ಲಿದ್ದ ಪೊರಕೆಯನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಇಟ್ಟಿಗೆಗಳ ಮೈಮೇಲೆಲ್ಲ ಬಿಳಿಯ ಎಳೆಗಳು ಮೊಳೆತಿದ್ದವು. ಸೂಜಿಯಷ್ಟು ತೆಳು, ಹತ್ತಿಯಷ್ಟು ಹಗುರ, ಊದಿದರೆ ನಡುಗುತ್ತಿದ್ದವು. ನಾಲಗೆಗೆ ತಾಗಿಸಿ ನೋಡಿದಳು. ಉಪ್ಪು! ಮಣ್ಣಿನಿಂದ ನೀರು ಹೊತ್ತು ತಂದ ಉಪ್ಪನ್ನು ಗೋಡೆ ಹೊರಗೆ ಹಾಕುತ್ತಿತ್ತು. ಅತ್ತೆಯನ್ನು ಕೈಹಿಡಿದು ಕರೆತಂದು ಮುಟ್ಟಿಸಿದಳು. ಅತ್ತೆ ಮೆಲ್ಲಗೆ ಬೆರಳಾಡಿಸಿ, ಅಪರೂಪಕ್ಕೆ ಹಾಸ್ಯ ಮರೆತು, "ಎಳೆಗೂಸಿನ ಕೂದಲು ಇದ್ದಂಗಿದೆ ಕಣೇ" ಎಂದಳು. ಅಂದಿನಿಂದ ಒಣ ಬ್ರಷ್ಷಿನಿಂದ ಗೋಡೆ ಉಜ್ಜುವ ಕೆಲಸ ಅತ್ತೆಯದಾಯಿತು. ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಗೋಡೆ ಹೊರಹಾಕುತ್ತಿದೆ ಸರಿ, ಆದರೆ ಒಳಗೆ ಬರುವುದು ಎಲ್ಲಿಂದ? ಮೇಸ್ತ್ರಿ ಮನೆಯೊಳಗೆ ನೆಲದ ಮಟ್ಟಕ್ಕೆ ಗೆರೆ ಹಾಕಿ, ಅದೇ ಎತ್ತರವನ್ನು ಕಿಟಕಿಯಿಂದ ದಾರ ಬಿಟ್ಟು ಹೊರಗೆ ಗುರುತಿಸಿದ. ಬಾಗಿಲ ಬಳಿ ಹೊಸ್ತಿಲಿಗೆ ಸಮವಾಗಿದ್ದ ಹಿತ್ತಲು ಗೋಡೆಯುದ್ದಕ್ಕೂ ಒಳಗಿನ ನೆಲಕ್ಕಿಂತ ಮೊಣಕಾಲೆತ್ತರ ಮೇಲಿತ್ತು. ಗಡಿಯಾರದ ಮುದುಕ ನೀರು ತಡೆಯಲೆಂದು ತುಂಬಿಸಿದ ಮಣ್ಣೇ ನೀರನ್ನು ಗೋಡೆಗೆ ಒರಗಿಸಿ ನಿಲ್ಲಿಸಿತ್ತು.

"ಅಗೀಬೇಕು ಅಕ್ಕ. ಗೋಡೆ ಬುಡ ಬಿಡಿಸಬೇಕು."

ಅಗೆದರು. ಮೇಸ್ತ್ರಿ ಗಾರೆ ಒಡೆದ, ಗಂಡ ಮಣ್ಣು ಹೊತ್ತ, ಅಕ್ಕ ಸೆರಗು ಬಿಗಿದು ತಾನೂ ಗುದ್ದಲಿ ಹಿಡಿದಳು. ಮಣ್ಣು ಇಳಿಯುತ್ತಾ ಹೋದಂತೆ ಮನೆ ಎತ್ತರವಾಗುತ್ತಾ ಹೋಯಿತು. ಹಿತ್ತಲ ಬಾಗಿಲಿಗೆ ಹೊಸ್ತಿಲೊಂದೇ ಇದೆ ಎಂದುಕೊಂಡಿದ್ದರು; ಅದರ ಕೆಳಗೆ ಒಂದು ಕಲ್ಲಿನ ಮೆಟ್ಟಿಲು ಬಂತು, ಅದರ ಕೆಳಗೆ ಇನ್ನೊಂದು. ಆಮೇಲೆ ಗುದ್ದಲಿ ಠಣ್ಣೆಂದಿತು. ಗೋಡೆಯುದ್ದಕ್ಕೂ ಕಲ್ಲಿನ ಕಾಲುವೆ. ದೋಣಿಯಂತೆ ಕಡೆದ ಕಲ್ಲುಗಳನ್ನು ಒಂದರ ಬಾಯಿಗೊಂದು ಕೂರಿಸಿ, ಸಂದಿನಲ್ಲಿ ಉಗುರು ಹೋಗದ ಹಾಗೆ ಬೆಸೆದಿದ್ದರು. ಸೂರಿನ ಅಂಚಿಗೆ ಸರಿಯಾಗಿ ಕೆಳಗೆ.

ಮೇಸ್ತ್ರಿ ಅದರಲ್ಲಿ ಒಂದು ಚೊಂಬು ನೀರು ಸುರಿದ. ನೀರು ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ತಿಳಿದ ದಾರಿ ಹಿಡಿದವರ ಹಾಗೆ ನಿಧಾನವಾಗಿ ಪಕ್ಕದ ಮನೆಯ ಕಡೆ ಹರಿಯಿತು. ಅಲ್ಲಿ ಮಣ್ಣು ಮುಚ್ಚಿತ್ತು. ಅಲ್ಲೇ ಇಂಗಿತು.

"ಇದು ನಮ್ಮೊಬ್ಬರ ಮನೇದಲ್ಲ," ಎಂದಳು ಅಕ್ಕ.

ನಡುವಿನ ಎರಡು ಮನೆಗಳ ಬಾಡಿಗೆಯವರು ತಕರಾರು ಮಾಡಲಿಲ್ಲ; ಅವರ ಗೋಡೆಗಳೂ ಅಳುತ್ತಿದ್ದವು. ಕಾಲುವೆ ಅವರ ಹಿತ್ತಲುಗಳಲ್ಲೂ ಹಾಗೇ ಸಿಕ್ಕಿತು, ಸ್ವಲ್ಪಸ್ವಲ್ಪವೇ ಇಳಿಜಾರಾಗಿ. ತೊಡಕು ಬಂದದ್ದು ಕೊನೆಯ ಮನೆಯಲ್ಲಿ. ಅದು ಟೈರ್ ಅಂಗಡಿಯವನದು. ಹಿತ್ತಲಿನ ತುಂಬ ಹಳೆಯ ಟೈರುಗಳನ್ನು ಗೋಪುರದಂತೆ ಪೇರಿಸಿದ್ದ.

"ನನ್ನ ಜಾಗದಲ್ಲಿ ಒಂದು ಹಿಡಿ ಮಣ್ಣು ಅಲುಗಾಡಿಸೋಕೆ ಬಿಡಲ್ಲ," ಎಂದ ಅವನು ಸೊಂಟದ ಮೇಲೆ ಕೈಯಿಟ್ಟು. "ಮೇಲಿಂದ ನೀವೆಲ್ಲ ನೀರು ಬಿಡ್ತೀರಿ, ಕೆಳಗೆ ನಾನು ಮುಳುಗಬೇಕಾ? ನಮ್ಮ ಗೋಡೆ ಚೆನ್ನಾಗಿದೆ. ನಮಗೇನೂ ತೊಂದರೆ ಇಲ್ಲ."

"ಚೆನ್ನಾಗಿದೆಯಂತೆ!" ಒಳಗಿನಿಂದ ಅವನ ಹೆಂಡತಿ ಹೊರಗೆ ಬಂದಳು. ಅಕ್ಕನ ಕೈಹಿಡಿದು ಸೀದಾ ಮಲಗುವ ಕೋಣೆಗೆ ಕರೆದೊಯ್ದಳು. ಗೋಡೆಯ ಮೇಲೆ ಟೈರ್ ಕಂಪನಿಗಳ ಕ್ಯಾಲೆಂಡರುಗಳು ಒತ್ತೊತ್ತಾಗಿ ತೂಗುತ್ತಿದ್ದವು. ಅವಳು ಒಂದನ್ನು ಎತ್ತಿದಳು. ಹಿಂದೆ ಗೋಡೆ ಹಸಿರುಗಟ್ಟಿತ್ತು. "ವರ್ಷ ಕಳೆದರೂ ಕ್ಯಾಲೆಂಡರ್ ತೆಗೆಯೋಕೆ ಬಿಡಲ್ಲ ಅಕ್ಕ. ಯಾಕೆ ಅಂತ ಈಗ ಗೊತ್ತಾಯ್ತಾ? ರಾತ್ರಿಯೆಲ್ಲ ನನಗೆ ಕೆಮ್ಮು."

ಬಾಗಿಲಲ್ಲಿ ನಿಂತಿದ್ದ ಟೈರಿನವನ ಮುಖ ಸಪ್ಪಗಾಯಿತು. ಅಕ್ಕ ಅವನನ್ನು ಹಂಗಿಸಲಿಲ್ಲ. "ಅಣ್ಣ, ನಾನೂ ಬೀರು ಹಿಂದೆ ಬಚ್ಚಿಟ್ಟ ಗೋಡೇನೇ ಕೊಂಡವಳು," ಎಂದಳು. "ಒಂದೇ ಸಲ ನೋಡೋಣ. ನೀರು ಎಲ್ಲಿಗೆ ಹೋಗ್ತಿತ್ತು ಅಂತ ನಿಮಗೆ ತಿಳ್ಕೋಬೇಕು ಅನ್ಸಲ್ವಾ?"

ಅವನು ಹಿತ್ತಲಿಗೆ ಹೋಗಿ ಮೊದಲ ಟೈರನ್ನು ಉರುಳಿಸಿದ.

ಟೈರುಗಳ ಕೆಳಗೆ, ಕಾಲುವೆ ಮುಗಿಯುವಲ್ಲಿ, ಬಾಗಿಲಿನಷ್ಟು ಅಗಲದ ಕಲ್ಲುಚಪ್ಪಡಿ ಸಿಕ್ಕಿತು. ಎಲ್ಲರೂ ಸೇರಿ ಹಾರೆ ಹಾಕಿದರೂ ಅದು ಮಿಸುಕಲಿಲ್ಲ. ಟೈರಿನವನಿಗೆ ಈಗ ಎಲ್ಲರಿಗಿಂತ ಹೆಚ್ಚು ಆತುರ. ಅಂಗಡಿಗೆ ಓಡಿ ಲಾರಿ ಎತ್ತುವ ಜಾಕ್ ಹೊತ್ತು ತಂದ. ಹಿಡಿ ಒತ್ತುತ್ತಾ ಹೋದಂತೆ ಚಪ್ಪಡಿ ಕೂದಲೆಳೆಯಷ್ಟೇ ಮೇಲೇಳುತ್ತಾ ಬಂತು. ಒಳಗಿನಿಂದ ತಂಪು ಗಾಳಿಯೊಂದು ಎಲ್ಲರ ಕಾಲಿಗೆ ತಾಗಿತು. ಕೊಳೆತ ವಾಸನೆ ಇರಲಿಲ್ಲ. ತೊಳೆದ ಕಲ್ಲಿನ ವಾಸನೆ.

ಮೇಸ್ತ್ರಿ ಮೊದಲು ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಉರಿ ಆರಲಿಲ್ಲ. "ಗಾಳಿ ಇದೆ" ಎಂದು ತಾನು ಇಳಿದ. ಹಿಂದೆಯೇ ಅಕ್ಕ. "ನೀನ್ಯಾಕೇ?" ಎಂದ ಗಂಡ. ಅವಳು ಆಗಲೇ ನಾಲ್ಕಾರು ಮೆಟ್ಟಿಲು ಇಳಿದಿದ್ದಳು.

ಕೆಳಗೆ ಅವಳು ಕಂಡದ್ದು ಇದು. ಇಟ್ಟಿಗೆಯ ಕಂಬಗಳು ಸಾಲಾಗಿ ನಿಂತಿವೆ. ಕಂಬದಿಂದ ಕಂಬಕ್ಕೆ ಕಮಾನು, ಕಮಾನಿನ ಮೇಲೆ ಬಾಗಿದ ಚಾವಣಿ, ಎಲ್ಲಕ್ಕೂ ನುಣುಪಾದ ಸುಣ್ಣ. ತಾವು ಇಷ್ಟು ವರ್ಷ ತರಕಾರಿ ಹೆಚ್ಚಿದ, ಬಟ್ಟೆ ಹರವಿದ, ಟೈರು ಪೇರಿಸಿದ ನೆಲದ ಕೆಳಗೆ ಇಂಥದ್ದೊಂದು ಹಜಾರ! ಅಷ್ಟೇ ಅಲ್ಲ, ಅದರ ಕೆಳಗೆ ಇನ್ನೊಂದು ಹಜಾರವಿತ್ತು. ಅಲ್ಲೂ ಕಂಬಗಳು, ಅಲ್ಲೂ ಕಮಾನು, ಆಳಕ್ಕೆ, ಇನ್ನೂ ಆಳಕ್ಕೆ. ಅಲ್ಲೂ ಒಂದು ದೀಪ ಉರಿಯುತ್ತಿತ್ತು. ಆ ಕೆಳಗಿನ ಹಜಾರಕ್ಕೆ ಇಳಿಯಲು ಅವಳು ಕಾಲು ಮುಂದಿಟ್ಟಳು.

ಕಾಲು ಮೊಣಕಾಲಿನವರೆಗೆ ನೀರಿಗೆ ಹೋಯಿತು. ಕೆಳಗಿನ ಹಜಾರ ಒಮ್ಮೆಲೇ ಚೂರುಚೂರಾಗಿ, ಕಂಬಗಳೆಲ್ಲ ಹಾವಿನಂತೆ ಬಳುಕಿ, ಬೆಳಕು ಚಾವಣಿಯ ತುಂಬ ಓಡಾಡಿತು.

ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಬದುಕಿನುದ್ದಕ್ಕೂ ನೀರಿನಲ್ಲೇ ಕೈಯಾಡಿಸಿದವಳು ಅವಳು; ಸೋಪಿನ ನೀರು, ನೀಲಿಯ ನೀರು, ಕೊಳೆಯ ನೀರು. ಇದ್ದೂ ಇಲ್ಲದಂತಿರುವ ನೀರನ್ನು ಕಂಡಿರಲಿಲ್ಲ. ಅದು ಮತ್ತೆ ಸಮವಾಗುವ ತನಕ ಅವಳೂ ಮೇಸ್ತ್ರಿಯೂ ಅಲ್ಲೇ ನಿಂತರು. ಒಂದೊಂದೇ ಕಂಬ ಬಂದು ಸೇರಿತು, ಕಮಾನು ಕೂಡಿತು, ಕೆಳಗಿನ ದೀಪ ಮತ್ತೆ ಹೊತ್ತಿತು.

"ಏನಿದೆಯೇ ಅಲ್ಲಿ?" ಮೇಲಿನಿಂದ ಅತ್ತೆ ಕೂಗಿದಳು. "ಬದುಕಿದ್ದೀಯಾ ಇಲ್ವಾ, ಅದನ್ನಾದರೂ ಹೇಳು!"

"ಅತ್ತೆ, ನೀವೂ ಇಳಿದು ಬನ್ನಿ," ಎಂದಳು ಅಕ್ಕ.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದು ನೋಡಿದರು. ಟೈರಿನವನು ಇಳಿಯುವಾಗ ಜೋರಾಗಿ ಮಾತಾಡುತ್ತಾ ಇಳಿದವನು, ಹತ್ತಿ ಬರುವಾಗ ಚಪ್ಪಲಿ ಕೈಯಲ್ಲಿ ಹಿಡಿದಿದ್ದ. ಅತ್ತೆಯನ್ನು ಅಕ್ಕನ ಗಂಡ ಬೆನ್ನ ಮೇಲೆ ಹೊತ್ತು ಇಳಿಸಿದ. ಅವಳಿಗೆ ಕಾಣುವುದು ಅಷ್ಟಕ್ಕಷ್ಟೇ. "ಹೂಂ" ಎಂದು ಸಣ್ಣದಾಗಿ ಹೇಳಿ, ಆ ದನಿ ಕಮಾನಿನಿಂದ ಕಮಾನಿಗೆ ಹೋಗಿ ತಿರುಗಿ ಬರುವುದನ್ನು ಕಿವಿಗೊಟ್ಟು ಕೇಳಿದಳು. ಮತ್ತೊಮ್ಮೆ "ಹೂಂ" ಎಂದಳು. "ಎಷ್ಟು ದೊಡ್ಡದಪ್ಪಾ!" ಎಂದಳು.

ಮೇಸ್ತ್ರಿ ಹೇಳಿದ ಪ್ರಕಾರ, ನಾಲ್ಕು ಮನೆಗಳನ್ನೂ ಒಂದೇ ಕೈ ಕಟ್ಟಿತ್ತು, ಮತ್ತು ಮನೆಗಿಂತ ಮೊದಲು ನೀರಿಗೆ ಜಾಗ ಮಾಡಿತ್ತು. ಸೂರಿನಿಂದ ಕಾಲುವೆಗೆ, ಕಾಲುವೆಯಿಂದ ಈ ತೊಟ್ಟಿಗೆ, ತುಂಬಿ ಹೆಚ್ಚಾದದ್ದು ಗೋಡೆಯಲ್ಲಿದ್ದ ಕಂಡಿಯ ಮೂಲಕ ತಗ್ಗಿನ ಹಳ್ಳಕ್ಕೆ. ಕಟ್ಟಿದವರು ಯಾರು ಎಂದು ಎಲ್ಲೂ ಬರೆದಿರಲಿಲ್ಲ. ಕಾಲುವೆ ಹೂತುಹೋದ ಮೇಲೆ ಸೂರಿನ ನೀರಿಗೆ ತನ್ನ ಮನೆಗೆ ಹೋಗುವ ದಾರಿ ತಪ್ಪಿ, ಜನರ ಮನೆಯ ಗೋಡೆ ಹತ್ತಿತ್ತು. "ನನಗೆ ಇಂಥದ್ದು ಕಟ್ಟೋಕೆ ಬರಲ್ಲ ಅಕ್ಕ," ಎಂದ ಮೇಸ್ತ್ರಿ. "ಚೊಕ್ಕ ಮಾಡೋಕೆ ಬರುತ್ತೆ."

ಮಳೆಗೆ ಮುಂಚೆ ಕಾಲುವೆ, ಕಂಡಿ ಎಲ್ಲ ಚೊಕ್ಕವಾಯಿತು. ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ನಾಲ್ಕು ಮನೆಯವರೂ ಕೊಡೆ ಹಿಡಿದು ಹಿತ್ತಲಿನಲ್ಲಿ ಸಾಲಾಗಿ ನಿಂತರು, ಮೆರವಣಿಗೆ ನೋಡುವವರ ಹಾಗೆ. ಸೂರಿನಿಂದ ನೀರು ದಾರದಾರವಾಗಿ ಇಳಿದು ಸರಿಯಾಗಿ ಕಲ್ಲಿನ ದೋಣಿಯೊಳಗೇ ಬಿತ್ತು. ತರಗೆಲೆಯೊಂದು ಅಕ್ಕನ ಬಾಗಿಲಿನಿಂದ ಹೊರಟು, ನಡುವಿನ ಎರಡು ಮನೆ ದಾಟಿ, ಟೈರಿನವನ ಹಿತ್ತಲು ಸೇರುವವರೆಗೆ ಎಲ್ಲರ ಕಣ್ಣೂ ಅದರ ಜೊತೆಗೇ ಹೋಯಿತು. ಆಮೇಲೆ ನೆಲದೊಳಗಿನಿಂದ ಸದ್ದು ಕೇಳಿಸಿತು. ದೊಡ್ಡ ಗಂಟಲಿನಲ್ಲಿ ಯಾರೋ ನಿಧಾನವಾಗಿ ಹಾಡಿಕೊಂಡಂತೆ. ಕಾಲಡಿಯ ನೆಲವೇ ಗುಂಯ್‌ಗುಟ್ಟುತ್ತಿತ್ತು. ಟೈರಿನವನ ಹೆಂಡತಿ ಕೊಡೆ ಮಡಿಸಿ ಮಳೆಯಲ್ಲೇ ನಿಂತು ಕೇಳಿದಳು. ಯಾರೂ ಯಾರನ್ನೂ ಒಳಗೆ ಕರೆಯಲಿಲ್ಲ.

ಗೋಡೆ ಆ ವರ್ಷವೇ ಒಣಗಲಿಲ್ಲ. ಅಷ್ಟು ದಪ್ಪದ ಗೋಡೆ ಎಷ್ಟೋ ಮಳೆಗಾಲದ ನೀರು ಕುಡಿದಿತ್ತು; ಅದನ್ನು ಬಿಡಲು ಅದಕ್ಕೂ ತನ್ನದೇ ಸಮಯ ಬೇಕಿತ್ತು. ಅಕ್ಕ ಫ್ಯಾನು ಹಾಕಲಿಲ್ಲ. ಕಿಟಕಿ ತೆರೆದಿಟ್ಟು ಕಾದಳು. ಕಪ್ಪು ಗೆರೆ ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಕೆಳಕ್ಕೆ ಇಳಿಯಿತು. ಉಪ್ಪು ಬರುವುದು ನಿಂತ ಮೇಲೆ ಮೇಸ್ತ್ರಿ ಸುಣ್ಣದ ಗಾರೆಯನ್ನೇ ಬಳಿದ. ಗೋಡೆ ಹೊಳೆಯಲಿಲ್ಲ, ಆದರೆ ಬೆಚ್ಚಗಿತ್ತು. ಟೈರಿನವನ ಹೆಂಡತಿಯ ಕೆಮ್ಮೂ ಕಡಿಮೆಯಾಗುತ್ತಾ ಬಂತು.

ಈಗ ಸುತ್ತಿನ ಬೀದಿಗಳಲ್ಲಿ ಯಾರಾದರೂ ಹಳೆಯ ಮನೆ ಕೊಳ್ಳುವುದಿದ್ದರೆ ಲಾಂಡ್ರಿ ಅಕ್ಕನನ್ನು ಕರೆಯುತ್ತಾರೆ. ಇಸ್ತ್ರಿ ಬಿಟ್ಟು ಹೋಗುತ್ತಾಳೆ. ಒಳಗೆ ಹೋಗುವ ಮುಂಚೆ ಮನೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ, ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾಳೆ. "ಕೊಳ್ಳಬಹುದಾ ಅಕ್ಕ?" ಎಂದರೆ ಹೌದು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. "ನೀರು ಎಲ್ಲಿಗೆ ಹೋಗಬೇಕು ಅಂತಿದೆಯೋ ಮೊದಲು ಕೇಳಿ," ಎನ್ನುತ್ತಾಳೆ. ಕೆಲವರು ನಗುತ್ತಾರೆ. ಅಂಥವರನ್ನು ಕರೆದುಕೊಂಡು ಹೋಗಿ ಟೈರಿನವನ ಹಿತ್ತಲಿನ ಮೆಟ್ಟಿಲು ಇಳಿಸುತ್ತಾಳೆ.